ಬಚ್ಚಲ ಜಾಲಿ

ನಮ್ಮ ಜಯನಗರದ ಮನೆಯ ಬಚ್ಚಲಲ್ಲಿ, ಶವರಿನ ನೇರ ಕೆಳಗೆ, ಹಿತ್ತಾಳೆಯ ಜಾಲಿ ಒಂದಿತ್ತು. ಅಪ್ಪ ಮನೆ ಕಟ್ಟಿಸಿದಾಗ ಗಾರೆಯವರು ಕೂರಿಸಿದ್ದು. ನಡುವೆ ದುಂಡನೆಯ ಬೊಟ್ಟು, ಸುತ್ತ ಎಂಟು ಎಸಳು, ಎಸಳಿನ ತುದಿ ತುದಿ ಸೇರುವಲ್ಲಿ ಕಡಲೆಕಾಳಿನಷ್ಟು ತೂತು. ಅಂಗಳದ ರಂಗೋಲಿಯನ್ನು ಯಾರೋ ಲೋಹದಲ್ಲಿ ಎರಕ ಹೊಯ್ದಂತೆ. ದಿನವೂ ಕಾಲು ಬಿದ್ದು ಬಿದ್ದು ಎಸಳಿನ ಉಬ್ಬೆಲ್ಲ ನುಣುಪಾಗಿತ್ತು. ಉಬ್ಬಿನ ಮೇಲೆ ಹೊನ್ನಿನ ಬಣ್ಣ, ತಗ್ಗಿನಲ್ಲಿ ಕಿಲುಬಿನ ಹಸಿರು. ದೀಪಾವಳಿಯ ಹಿಂದಿನ ದಿನ ಅಮ್ಮ ಹಂಡೆ, ಚೆಂಬುಗಳ ಜೊತೆ ಅದನ್ನೂ ಎತ್ತಿ ತಂದು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ನೀರು ತುಂಬುವ ಹಬ್ಬಕ್ಕೆ ನೀರು ಹೋಗುವ ದಾರಿಯೂ ಬೆಳಗಬೇಕಲ್ಲ.

ಹೋದ ಮಳೆಗಾಲದಲ್ಲಿ ಅದು ಮುರಿಯಿತು. ಯಾರೂ ಬೀಳಿಸಲಿಲ್ಲ, ಭಾರ ಹೇರಲಿಲ್ಲ. ತೊಳೆಯಲೆಂದು ಎತ್ತಿದಾಗ ಎರಡು ಎಸಳು ಕೈಯಲ್ಲೇ ಬಂದವು. ಮುರಿದ ಕಡೆ ಬೆಳಕಿಗೆ ಹಿಡಿದು ನೋಡಿದೆ. ಹಳದಿ ಇರಬೇಕಾದಲ್ಲಿ ಗುಲಾಬಿ ಛಾಯೆಯ ಕೆಂಪು, ಒಣಗಿದ ಸ್ಪಂಜಿನ ಹಾಗೆ ಸಣ್ಣ ಸಣ್ಣ ರಂಧ್ರ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಕೂಡಿಕೆ. ವರ್ಷಾನುಗಟ್ಟಲೆ ನೀರಿನಲ್ಲಿ, ಅದರಲ್ಲೂ ಬಚ್ಚಲು ತೊಳೆಯುವ ಆಸಿಡ್ಡಿನ ಸಹವಾಸದಲ್ಲಿ ಇದ್ದರೆ ಸತು ಮೆಲ್ಲಗೆ ಕರಗಿ ಹೊರಟುಹೋಗುತ್ತದೆ. ಉಳಿಯುವುದು ತಾಮ್ರದ ಟೊಳ್ಳು ಗೂಡು. ಆಕಾರ ಹಾಗೇ ಇರುತ್ತದೆ, ಹೂವೂ ಹಾಗೇ ಕಾಣುತ್ತದೆ, ಒಳಗೆ ಕಸುವಿರುವುದಿಲ್ಲ. ಹುಣಸೆಹಣ್ಣು ಮೇಲಿನ ಕಿಲುಬನ್ನಷ್ಟೇ ತೆಗೆದು ಸುಮ್ಮನಾಗುತ್ತಿತ್ತು. ಆಸಿಡ್ ಒಳಗಿನ ಸತುವಿಗೇ ಕೈ ಹಾಕಿತ್ತು. ನಾವು ಆಸಿಡ್ ಬಾಟಲಿ ತರಲು ಶುರುಮಾಡಿದ ಮೇಲೆಯೇ ಈ ಜಾಲಿಯ ಆಯುಸ್ಸು ಇಳಿದದ್ದು ಎಂದು ಈಗ ತಿಳಿದು ಮನಸ್ಸು ನೊಂದಿತು.

ಬಂದ ಪ್ಲಂಬರ್ ನೋಡಿ, ಸುತ್ತ ಒಂದಡಿ ನೆಲ ಒಡೆದು ಹೊಸ ಸೆಟ್ ಹಾಕೋಣ ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ; ಈಗಿನ ಸ್ಟೀಲ್ ಜಾಲಿ ಯಾವುದೂ ನಮ್ಮದರಲ್ಲಿ ಕೂರುವುದಿಲ್ಲ. ಆದರೆ ಆ ನೆಲ ರೆಡ್ ಆಕ್ಸೈಡಿನದು. ಒಂದೇ ದಿನ, ಒಂದೇ ಹದದಲ್ಲಿ ಕಲಸಿ, ಕರಣೆಯಿಂದ ತೀಡಿ ತೀಡಿ ಮಾಡಿದ್ದು. ನಾಲ್ಕೂ ಮೂಲೆಯಿಂದ ಜಾಲಿಯ ಕಡೆಗೆ ಕಣ್ಣಿಗೆ ಕಾಣದಷ್ಟು ವಾಟ. ಒಂದು ಚೆಂಬು ನೀರು ಎಲ್ಲಿ ಚೆಲ್ಲಿದರೂ ಅದು ಒಂದು ಗಳಿಗೆ ಯೋಚಿಸಿದ ಹಾಗೆ ನಿಂತು, ಆಮೇಲೆ ಹೂವಿನ ಕಡೆಗೇ ಹೊರಡುತ್ತದೆ. ಅಂಥ ನೆಲವನ್ನು ಒಂದಡಿ ಒಡೆದು ತೇಪೆ ಹಾಕಿದರೆ ಆ ಕೆಂಪು ಮತ್ತೆ ಬರುವುದಿಲ್ಲ, ಆ ವಾಟವೂ ಬರುವುದಿಲ್ಲ. ಜಾಲಿ ಒಂದು ಹಾಳಾಗಿದೆ, ಜಾಲಿಯನ್ನೇ ಹುಡುಕುತ್ತೇನೆ ಎಂದು ಹೇಳಿ ಕಳಿಸಿದೆ.

ಹುಡುಕುವ ಮುಂಚೆ ಅದರ ಕೆಳಗಿನದನ್ನು ನೋಡಿದೆ. ಇಷ್ಟು ವರ್ಷ ಈ ಮನೆಯಲ್ಲಿದ್ದೂ ನೋಡಿರಲಿಲ್ಲ. ಟಾರ್ಚು ಬಿಟ್ಟರೆ ಬೀಡುಕಬ್ಬಿಣದ ಬಟ್ಟಲು, ಅದರಲ್ಲಿ ಅಲುಗಾಡದ ಕಪ್ಪು ನೀರು. ಅಂಗಡಿಯವರು ನಹಾನಿ ಟ್ರ್ಯಾಪ್ ಅನ್ನುವುದು ಇದಕ್ಕೇ. ಮರಾಠಿಯಲ್ಲಿ ನ್ಹಾಣಿ ಅಂದರೆ ಬಚ್ಚಲು. ಎರಡು ಇಂಚಿನಷ್ಟು ಆ ನಿಂತ ನೀರೇ ಬೀಗ. ನಮ್ಮ ನೀರು ಕೆಳಗೆ ಹೋಗುತ್ತದೆ, ಚರಂಡಿಯ ಗಾಳಿ ಮೇಲೆ ಬರುವುದಿಲ್ಲ. ತಿರುಗುವ ಭಾಗ ಯಾವುದೂ ಇಲ್ಲ, ಸವೆಯುವುದೂ ಇಲ್ಲ. ನೀರಿನಿಂದಲೇ ನೀರಿನ ದಾರಿಗೆ ಕದ. ಬಾಗಿದ ಕೊಳವೆಯಲ್ಲಿ ನೀರು ನಿಲ್ಲಿಸುವ ಈ ಉಪಾಯಕ್ಕೆ 1775ರಲ್ಲಿ ಪೇಟೆಂಟ್ ಪಡೆದ ಅಲೆಗ್ಸಾಂಡರ್ ಕಮ್ಮಿಂಗ್ ಕಸುಬಿನಲ್ಲಿ ಗಡಿಯಾರದವನು. ಅಳತೆಯಲ್ಲೇ ಬದುಕಿದವನಿಗೆ ಇಂಥದ್ದು ಹೊಳೆದದ್ದು ನನಗೆ ತುಂಬ ಸಹಜ ಅನ್ನಿಸುತ್ತದೆ. ಬೇಸಿಗೆ ರಜೆಗೆ ಊರಿಗೆ ಹೊರಡುವಾಗ ಆಟೋ ಬಾಗಿಲಲ್ಲಿ ನಿಂತಿದ್ದರೂ ಅಮ್ಮ ಒಳಗೋಡಿ ಬಚ್ಚಲಿಗೆ ಒಂದು ಚೆಂಬು ನೀರು, ಅದರ ಮೇಲೆ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ಬರುತ್ತಿದ್ದರು. ಎಣ್ಣೆ ತೇಲಿ ಮುಚ್ಚಿಕೊಂಡರೆ ನೀರು ಬೇಗ ಆರುವುದಿಲ್ಲ. ಬೀಗ ಹಾಕುವ ಕೆಲಸವನ್ನೇ ಅವರು ಮಾಡುತ್ತಿದ್ದದ್ದು.

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಮನೆಯಲ್ಲಿ ಇದ್ಯಾವುದೂ ಇರಲಿಲ್ಲ. ಕಲ್ಲುಚಪ್ಪಡಿ, ಗೋಡೆಯ ಬುಡದಲ್ಲಿ ಒಂದು ಕಿಂಡಿ, ಆಚೆ ಕೆಸುವಿನ ಎಲೆ, ಬಾಳೆ. ಮಿಂದ ನೀರು ಹೋದ ಕಡೆಯೆಲ್ಲ ಹಸಿರು. ಅಲ್ಲಿ ನೀರಿಗೆ ಹೋಗಲು ಜಾಗವಿತ್ತು, ಬಾಗಿಲು ಬೇಕಿರಲಿಲ್ಲ. ಪೇಟೆಯ ಮನೆಗೆ ಬೇಕು.

ಅಳತೆ ತೆಗೆಯಲು ಕೂತೆ. ಮೊದಲು ಜಾಲಿಯ ಮೇಲೆ ಬಿಳಿ ಹಾಳೆಯಿಟ್ಟು, ಚಿಕ್ಕವರಿದ್ದಾಗ ನಾಣ್ಯದ ಅಚ್ಚು ತೆಗೆಯುತ್ತಿದ್ದ ಹಾಗೆ ಪೆನ್ಸಿಲ್ ಉಜ್ಜಿದೆ. ಎಸಳು ಒಂದೊಂದೇ ಎದ್ದು ಬಂತು, ಮುರಿದ ಎರಡರ ಜಾಗ ಮಾತ್ರ ಬೋಳು. ನೆಲದಲ್ಲಿ ಹೂತ ಹಿತ್ತಾಳೆ ಬಳೆಯ ಒಳ ಅಗಲ ನೂರಿಪ್ಪತ್ತೂವರೆ ಮಿಲಿಮೀಟರ್, ಅಂದರೆ ನಾಲ್ಕೂಮುಕ್ಕಾಲು ಇಂಚಿಗೆ ಕೂದಲೆಳೆ ಕಮ್ಮಿ. ಬಳೆಯೊಳಗೆ ಜಾಲಿ ಕೂರುವ ಮೆಟ್ಟಿಲಿನ ಆಳ ನಾಲ್ಕು ಮಿಲಿಮೀಟರ್. ಅಂಗಡಿಗಳಲ್ಲಿ ನಾಲ್ಕು ಇಂಚಿನದಿದೆ, ಐದು ಇಂಚಿನದಿದೆ. ನಮ್ಮದು ಎರಡರ ನಡುವಿನದು.

ಬಡಾವಣೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹೊಳೆಯುವ ಸ್ಟೀಲ್, ಚೌಕದ ಬಿಲ್ಲೆ, ಜಿರಲೆ ಬಾರದ ಬಟ್ಟಲು ಎಲ್ಲ ಇತ್ತು. ಕೊನೆಗೆ ಎಸ್‌.ಜೆ.ಪಿ. ರಸ್ತೆಗೆ ಹೋದೆ. ಬೋಲ್ಟು, ಬೇರಿಂಗು, ಪಂಪು, ಮೋಟರು, ಬೆಲ್ಟು: ಬೆಂಗಳೂರಿನಲ್ಲಿ ಕೆಟ್ಟದ್ದೆಲ್ಲ ಮತ್ತೆ ಓಡಲು ಇಲ್ಲಿಗೆ ಒಂದು ಸಲ ಬಂದೇ ಬರಬೇಕು. ಸಾಮಾನಿನ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಮುರಿದ ಚೂರು ಕೈಯಲ್ಲಿದ್ದರೆ ಸಾಕು, ಅದೇ ಚೀಟಿ. ಒಂದು ಓಣಿಯ ಅಂಗಡಿಯಲ್ಲಿ ಯಜಮಾನರು ನನ್ನ ಪೆನ್ಸಿಲ್ ಅಚ್ಚನ್ನು ಕನ್ನಡಕ ಮೇಲೇರಿಸಿ ನೋಡಿದರು. ಏನೂ ಕೇಳಲಿಲ್ಲ. ಹುಡುಗನನ್ನು ಅಟ್ಟಕ್ಕೆ ಹತ್ತಿಸಿದರು. ಹಳೆ ಪೇಪರಿನಲ್ಲಿ ಸುತ್ತಿದ ಐದು ಇಂಚಿನ ಎರಕದ ಜಾಲಿಗಳು ಇಳಿದು ಬಂದವು. ಅದೇ ಎಂಟು ಎಸಳು, ಬೊಟ್ಟು ಮಾತ್ರ ತುಸು ದಪ್ಪ. ಅಂಚು ಹತ್ತು ಮಿಲಿಮೀಟರ್ ಅಗಲ ಇತ್ತು.

“ಲೇತಿಗೆ ಕೊಡೀಮ್ಮ, ಅಂಚು ತೆಗೆಸಿದ್ರೆ ಕೂರುತ್ತೆ” ಅಂದರು.

ಕೂರುತ್ತೆ. ಈ ಮಾತು ಅವತ್ತಿನಿಂದ ನನ್ನ ಕಿವಿಯಲ್ಲೇ ಇದೆ. ಕನ್ನಡದಲ್ಲಿ ರವಿಕೆ ಮೈಮೇಲೆ ಕೂರುತ್ತದೆ, ಬಾಗಿಲು ಚೌಕಟ್ಟಿನಲ್ಲಿ ಕೂರುತ್ತದೆ, ಶ್ರುತಿ ಕೂರುತ್ತದೆ. ತನ್ನ ಜಾಗ ಸಿಕ್ಕಿ ಇನ್ನು ಅಲುಗುವುದು ಬೇಡ ಅನ್ನುವ ನೆಮ್ಮದಿ ಆ ಕ್ರಿಯಾಪದದಲ್ಲೇ ಇದೆ.

ಎರಡು ಓಣಿ ಆಚೆ ಲೇತ್. ಹಿರಿಯ ಟರ್ನರ್ ಮೊದಲು ಒಂದು ಮರದ ಬಿಲ್ಲೆ ಕಡೆದರು. ಚಕ್ಕಿನ ದವಡೆ ನೇರ ಹಿತ್ತಾಳೆ ಕಚ್ಚಿದರೆ ಗೀರು ಬೀಳುತ್ತದಂತೆ. ಮರದ ಮೇಲೆ ಜಾಲಿಯಿಟ್ಟು ಬೋಲ್ಟು ಬಿಗಿದು, ಡಯಲ್ ಗೇಜಿನ ಮುಳ್ಳು ಅಂಚಿಗೆ ತಾಗಿಸಿ, ಚಕ್ಕನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದರು. ಮುಳ್ಳು ನಡುಗಿತು. ಮರದ ಸುತ್ತಿಗೆಯಿಂದ ಒಂದು ಸಣ್ಣ ತಟ್ಟು, ಮತ್ತೆ ತಿರುಗಿಸಿದರು. ನಡುಕ ಕಮ್ಮಿ. ಇನ್ನೊಂದು ತಟ್ಟು, ಬೆರಳಿನಿಂದ ಹಣೆ ತಟ್ಟಿದಷ್ಟೇ. ಮುಳ್ಳು ನಿಂತಿತು. ಆಮೇಲೆಯೇ ಮೋಟರು. ಎಂಟೂ ಎಸಳು ಮಾಯವಾಗಿ ಒಂದೇ ಹಳದಿ ಮಂಜು. ಕಬ್ಬಿಣ ಸುರುಳಿ ಸುರುಳಿಯಾಗಿ ಹೊರಬರುತ್ತದೆ, ಹಿತ್ತಾಳೆ ಹಾಗಲ್ಲ. ಕಾಳು ಕಾಳಾಗಿ, ಸಜ್ಜಿಗೆ ರವೆಯ ಹಾಗೆ ಉದುರುತ್ತದೆ. ಅವರ ಮುಂಗೈ ರೋಮದ ಮೇಲೆಲ್ಲ ಚಿನ್ನದ ಪುಡಿ. ಅಂಚಿನಲ್ಲಿ ಸುತ್ತಲೂ ಮೂರೂವರೆ ಮಿಲಿಮೀಟರ್ ಹೋಗಬೇಕಿತ್ತು. ಮೂರರವರೆಗೆ ಸರಸರ ತೆಗೆದರು. ಕೊನೆಯ ಅರ್ಧಕ್ಕೆ ಮೂರು ಸಲ ಮಷೀನ್ ನಿಲ್ಲಿಸಿ ವರ್ನಿಯರ್ ಹಿಡಿದರು. 120 ಬಂದಾಗ ನಿಲ್ಲಿಸಿ, ಕೆಳ ಅಂಚಿನ ಚೂಪನ್ನು ಸ್ವಲ್ಪ ಓರೆ ಮಾಡಿದರು. ಹಾಗೆ ಮಾಡಿದರೆ ಬಳೆಯೊಳಗೆ ತಾನೇ ಜಾರಿಕೊಳ್ಳುತ್ತದೆ. ದಪ್ಪದಲ್ಲಿ ಹೆಚ್ಚಿದ್ದ ಒಂದು ಮಿಲಿಮೀಟರನ್ನು ಹಿಂಬದಿಯಿಂದ ತೆಗೆದರು, ಹೂವಿಗೆ ಟೂಲ್ ತಾಗಿಸಲೇ ಇಲ್ಲ. ಮುಗಿದ ಮೇಲೆ ಹೆಬ್ಬೆರಳನ್ನು ಅಂಚಿನ ಸುತ್ತ ಒಮ್ಮೆ ಓಡಿಸಿದರು. “ಬರಿಗಾಲಲ್ಲಿ ನಿಲ್ಲೋ ಜಾಗ” ಅಂದು ಒಂದು ಕಡೆ ಮತ್ತೆ ಎಮೆರಿ ಕಾಗದ ಉಜ್ಜಿದರು. ನನ್ನ ಬೆರಳಿಗೆ ಅಲ್ಲಿ ಏನೂ ಸಿಕ್ಕಿರಲಿಲ್ಲ.

ಮನೆಗೆ ಬಂದಾಗ ಸಂಜೆ. ಬಳೆಯ ಮೆಟ್ಟಿಲಿನ ಹಳೆ ಕೊಳೆಯನ್ನು ತೆಂಗಿನ ನಾರಿನಿಂದ ತೆಗೆದು ಒರೆಸಿದೆ. ಜಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಬಳೆಯ ಮೇಲಿಟ್ಟು ಬಿಟ್ಟೆ. ಅದು ತಕ್ಷಣ ಬೀಳಲಿಲ್ಲ. ಜಾಲಿ ಒಂದಿಷ್ಟು ಇಳಿಯಿತು, ಇನ್ನೊಂದಿಷ್ಟು, ಆಮೇಲೆ ಮೆಲ್ಲನೆ ಠಕ್. ನೆಲದ ಕೆಂಪಿಗೂ ಹಿತ್ತಾಳೆಯ ಹಳದಿಗೂ ನಡುವೆ ಉಗುರು ಎಡವಲಿಲ್ಲ.

ಅಡುಗೆಮನೆಯಿಂದ ಅಮ್ಮನ ದನಿ: “ಕೂತ್ಕೊಂಡ್ತೇನೇ?”

“ಕೂತ್ಕೊಂಡ್ತು ಕಣಮ್ಮ.”

ಕೈ ಒರೆಸಿಕೊಳ್ಳುತ್ತಾ ಬಂದರು. ಏನೂ ಹೇಳದೆ ಚೆಂಬಿನಲ್ಲಿ ನೀರು ತುಂಬಿ ಬಾಗಿಲ ಬಳಿಯೇ ಚೆಲ್ಲಿದರು. ನೀರು ಒಂದು ಗಳಿಗೆ ನಿಂತಿತು, ಆಮೇಲೆ ಹೊರಟಿತು.