ಫೈಬರ್ ಮೈಯ ಡಾಲ್ಫಿನ್

ಭಾನುವಾರ ಬೆಳಗ್ಗೆ ಶಾಂತಿಗ್ರಾಮದ ಟೋಲ್ ಗೇಟಿನ ಬಳಿ ನಿಂತರೆ ಬೆಂಗಳೂರಿನ ಕಾರಿನ ಖಯಾಲಿ ಈಗ ಎಲ್ಲಿಗೆ ಬಂದಿದೆ ಎಂಬುದು ತಿಳಿಯುತ್ತದೆ. ಚನ್ನರಾಯಪಟ್ಟಣ ದಾಟಿ ಬರುವ ಸಾಲಿನಲ್ಲಿ ಸಕಲೇಶಪುರದ ಹೋಂಸ್ಟೇಗಳಿಗೆ ಹೊರಟ ಎಸ್‌ಯುವಿಗಳದೇ ದರ್ಬಾರು. ಅವುಗಳ ಮಧ್ಯೆ ಎಲ್ಲೋ ಒಂದು ಪೋಲೊ ಜಿಟಿ, ಒಂದು ಹಳೇ ಫಿಯಟ್ ಪಾಲಿಯೊ, ಅಪರೂಪಕ್ಕೆ ಬಂಪರ್ ಉಜ್ಜಿ ಹೊಳಪಿಸಿದ ಪ್ರೀಮಿಯರ್ ಪದ್ಮಿನಿ. ಇವುಗಳ ಮಾಲೀಕರದು ಬೇರೆಯೇ ಕುಲ. ಸನ್‌ರೂಫ್ ಇದೆಯಾ, ಏಳು ಜನ ಹಿಡಿಸ್ತಾರಾ ಎಂದು ಇವರು ಕೇಳುವುದಿಲ್ಲ. ತಿರುವಿನಲ್ಲಿ ಹೇಗೆ ಹೋಗುತ್ತೆ ಅನ್ನುವುದಷ್ಟೇ ಇವರಿಗೆ ಬೇಕು.

ಈ ಮಂದಿ ನಾಲ್ಕು ಜನ ಸೇರಿದರೆ ಇಂಗ್ಲೆಂಡಿನ ಮಿನಿ, ಇಟಲಿಯ ಫಿಯಟ್ ಎಲ್ಲ ಬಂದುಹೋಗುತ್ತವೆ. ಬೆಂಗಳೂರಿನಲ್ಲೇ ಹುಟ್ಟಿದ ಪುಟ್ಟ ಕಾರಿನ ಸರದಿ ಮಾತ್ರ ಕಡೆಗೆ, ಅದೂ ನಗುವಿನ ಜತೆ.

ಆ ಕಾರು ಸಿಪಾನಿ ಡಾಲ್ಫಿನ್.

1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಕಂಪನಿ (ಮುಂದೆ ಇದೇ ಸಿಪಾನಿ ಆಯಿತು) 'ಬಾದಲ್' ಎಂಬ ಮೂರು ಚಕ್ರದ ವಾಹನ ತಂದಿತ್ತು. ಮುಂದೆ ಒಂದು ಚಕ್ರ, ಹಿಂದೆ ಎರಡು, ಮೈಯೆಲ್ಲ ಫೈಬರ್, ಹಿಂಬದಿಯಲ್ಲಿ ಟೂ-ಸ್ಟ್ರೋಕ್ ಎಂಜಿನ್. ಆಟೋ ಎನ್ನಲೂ ಆಗದು, ಕಾರು ಎನ್ನಲೂ ಮನಸ್ಸು ಬಾರದು. ಮುಂದೆ ಅದಕ್ಕೆ ನಾಲ್ಕನೇ ಚಕ್ರವೂ ಬಂತು. ಆಮೇಲೆ ಕಂಪನಿ ಇಂಗ್ಲೆಂಡಿನ ಟ್ಯಾಮ್‌ವರ್ತ್‌ನ ರಿಲಯಂಟ್ ಕಡೆ ಮುಖ ಮಾಡಿತು. ರಿಲಯಂಟ್ 1975ರಿಂದ 1982ರವರೆಗೆ ತಯಾರಿಸಿದ 'ಕಿಟನ್' ಕಾರೇ 1982ರಲ್ಲಿ ಇಲ್ಲಿ ಡಾಲ್ಫಿನ್ ಆಯಿತು. ಟಿ.ವಿ.ಯ ಮಿಸ್ಟರ್ ಬೀನ್ ತನ್ನ ಮಿನಿಯಲ್ಲಿ ಹೋಗುವಾಗ ಕಂಡಕಂಡಲ್ಲಿ ಉರುಳಿಸಿ ಹೋಗುವ ನೀಲಿ ಬಣ್ಣದ ಮೂರು ಚಕ್ರದ ಗಾಡಿ ನೆನಪಿರಬೇಕಲ್ಲ, ಅದೂ ರಿಲಯಂಟ್ ಮನೆತನದ್ದೇ. ಡಾಲ್ಫಿನ್ ನೋಡಿ ನಗುವವರಿಗೆ ಅಷ್ಟು ಕಾರಣ ಸಾಕು.

ನಗುವವರು ತೂಕದ ಲೆಕ್ಕ ನೋಡಿರುವುದಿಲ್ಲ. ಕಿಟನ್‌ನ ಎಂಜಿನ್ 848 ಸಿಸಿ, ಪೂರ್ತಿ ಅಲ್ಯೂಮಿನಿಯಂ, ಶಕ್ತಿ 40 ಅಶ್ವಶಕ್ತಿ. ಕಾರಿನ ತೂಕ 500 ಕೆ.ಜಿ.ಗಿಂತ ಒಂಚೂರು ಹೆಚ್ಚು. ಅದೇ ಕಾಲದ ಪದ್ಮಿನಿಗೆ 1,089 ಸಿಸಿ ಎಂಜಿನ್ ಇದ್ದರೂ ಶಕ್ತಿ ಹೆಚ್ಚುಕಮ್ಮಿ ಅಷ್ಟೇ. ಎಳೆಯಬೇಕಾದ ಭಾರ ಮಾತ್ರ 900 ಕೆ.ಜಿ. ಹತ್ತಿರ. ಟನ್ನಿಗಿಷ್ಟು ಎಂದು ಲೆಕ್ಕ ಹಾಕಿದರೆ ಕಿಟನ್‌ಗೆ 80ರ ಸಮೀಪ, ಪದ್ಮಿನಿಗೆ 45ರ ಆಸುಪಾಸು. ನಮ್ಮ ರಸ್ತೆಗೆಂದು ಡಾಲ್ಫಿನ್ ಸ್ವಲ್ಪ ಮೈ ತುಂಬಿಕೊಂಡಿತು ಎಂದೇ ಇಟ್ಟುಕೊಳ್ಳಿ, ಆಗಲೂ ಪಿಕಪ್‌ನಲ್ಲಿ ಪದ್ಮಿನಿ ಅದರ ಹತ್ತಿರ ಸುಳಿಯುವಂತಿರಲಿಲ್ಲ.

ಸಣ್ಣ ಕಾರು ಅಂದರೆ ಬಡವರ ಕಾರು ಎಂಬ ಮಾತನ್ನು ಮೊದಲು ಮುರಿದದ್ದು ಮಿನಿ. 1959ರಲ್ಲಿ ಬಂದ ಅದನ್ನು ಅಲೆಕ್ ಇಸಿಗೋನಿಸ್ ರೂಪಿಸಿದ್ದು ಪೆಟ್ರೋಲ್ ಉಳಿಸಲಿಕ್ಕೆ. ಅದರ ಮೊದಲ ಎಂಜಿನ್ ಕೂಡ 848 ಸಿಸಿ. ರಿಲಯಂಟ್ ಎಂಜಿನ್‌ಗೂ ಅದಕ್ಕೂ ಸಂಬಂಧವಿಲ್ಲ, ಅಳತೆ ಕೂಡಿಬಂದಿದೆ ಅಷ್ಟೆ. ಅದೇ ಮಿನಿಯ ಕೂಪರ್ ಎಸ್ ರೂಪ 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದು ದೊಡ್ಡ ಕಾರುಗಳ ಮುಖಭಂಗ ಮಾಡಿತು. ಅಲ್ಲಿಂದಾಚೆ ಹಗುರವಾದ ಪುಟ್ಟ ಕಾರಿನ ಮೇಲೆ ಮೋಹ ಇಟ್ಟುಕೊಂಡವರ ಸಂತತಿ ಕಡಿಮೆಯಾಗಿಲ್ಲ.

ಒಂದು ವಿಷಯದಲ್ಲಿ ಡಾಲ್ಫಿನ್ ಮಿನಿಗಿಂತ ಬೇರೆ. ಮಿನಿಯಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ಡಾಲ್ಫಿನ್‌ನಲ್ಲಿ ಹಿಂದಿನವನ್ನು. ಮಳೆ ಬಿದ್ದ ಎಸ್ಟೇಟಿನ ಮಣ್ಣು ರಸ್ತೆಯಲ್ಲಿ ತಿರುವು ಬಂದಾಗ ಎಕ್ಸಲೇಟರ್ ಒತ್ತಿದರೆ ಹಿಂಭಾಗ ಹೊರಕ್ಕೆ ಜಾರುತ್ತದೆ. ಆಗ ಸ್ಟಿಯರಿಂಗನ್ನು ಜಾರಿದ ಕಡೆಗೇ ತುಸು ತಿರುಗಿಸಿ, ಎಕ್ಸಲೇಟರ್ ಪೂರ್ತಿ ಬಿಡದೆ ಹಿಡಿದರೆ ಕಾರು ಓರೆಯಾಗಿಯೇ ತಿರುವು ದಾಟುತ್ತದೆ. ಹೆದರಿ ಬ್ರೇಕ್ ಹಾಕಿದವರಿಗೆ ಕಾಫಿ ಗಿಡವೇ ಗತಿ. ದಕ್ಷಿಣದ ರ‍್ಯಾಲಿ, ರೇಸಿನ ಹುಡುಗರು ಡಾಲ್ಫಿನ್ ಹುಡುಕಿಕೊಂಡು ಹೋದದ್ದು ಈ ಎರಡು ಗುಣಕ್ಕೆ: ಮೈ ಹಗುರ, ಹಿಂದಿನ ಚಕ್ರಕ್ಕೆ ಶಕ್ತಿ.

ಆದರೆ ಕಾರು ಮಾರಾಟವಾಗುವುದು ಸಂಸಾರಸ್ಥರಿಗೆ. 1983ರ ಡಿಸೆಂಬರ್ 14ರಂದು ಮಾರುತಿ ತನ್ನ ಮೊದಲ 800 ಕಾರನ್ನು ಗ್ರಾಹಕರ ಕೈಗಿತ್ತಿತು. 796 ಸಿಸಿ, ಅದೂ 40 ಅಶ್ವಶಕ್ತಿಯ ಹತ್ತಿರವೇ. ಆದರೆ ಬಾಗಿಲು ನಾಲ್ಕು, ಜೊತೆಗೆ ಸುಜುಕಿಯ ಹೆಸರು. ಡಾಲ್ಫಿನ್‌ಗೆ ಎರಡೇ ಬಾಗಿಲು. ಹೊಳೆನರಸೀಪುರಕ್ಕೆ ಮದುವೆಗೆ ಹೊರಟ ಮನೆಯಲ್ಲಿ ರೇಷ್ಮೆ ಸೀರೆ ಉಟ್ಟ ಅಜ್ಜಿ, ಮಡಚಿದ ಮುಂದಿನ ಸೀಟಿನ ಸಂದಿಯಲ್ಲಿ ತೂರಿ ಹಿಂದೆ ಕೂರಬೇಕು. ಅದೂ ಸಾಲದ್ದಕ್ಕೆ 'ಪ್ಲಾಸ್ಟಿಕ್ ಕಾರು' ಎಂಬ ಬಿರುದು. ಕೆಲ ವರ್ಷಗಳ ನಂತರ ಸಿಪಾನಿ ಬಾಗಿಲು ಹೆಚ್ಚಿಸಿ 'ಮೊಂಟಾನಾ' ತಂದಿತು, ಆಮೇಲೆ ಡೀಸೆಲ್ ಎಂಜಿನ್ ಕೂರಿಸಿತು, ಕಡೆಗೆ ರೋವರ್‌ನ ಮೊಂಟೆಗೊ ಜೋಡಿಸಿ ಮಾರಲೂ ನೋಡಿತು. ಜನ ಅಷ್ಟರಲ್ಲಿ ಮಾರುತಿ ಕ್ಯೂನಲ್ಲಿ ನಿಂತಾಗಿತ್ತು. 1990ರ ದಶಕ ಮುಗಿಯುವ ಮೊದಲೇ ಕಾರು ತಯಾರಿಕೆ ನಿಂತಿತು. ಮಾರುತಿ ಗೆದ್ದದ್ದು ನ್ಯಾಯವೇ. ಡಾಲ್ಫಿನ್ ಸೋತದ್ದಕ್ಕೆ ಅದರ ಓಟ ಕಾರಣವಲ್ಲ.

ಉಳಿದಿರುವ ಡಾಲ್ಫಿನ್ ಕೈಗೆ ಸಿಕ್ಕವರು ಮೊದಲು ಮಾಡುವ ಕೆಲಸ ಬಾನೆಟ್ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟುವುದು. ತಗಡಿನ 'ಠಣ್' ಇಲ್ಲ, ಮಂಕಾದ 'ಟಕ್'. ಈ ಮೈ ತುಕ್ಕು ಹಿಡಿಯುವುದಿಲ್ಲ, ಡೆಂಟೂ ಆಗುವುದಿಲ್ಲ; ಪೆಟ್ಟು ಬಿದ್ದರೆ ಸೀಳು ಬಿಡುತ್ತದೆ. ಟಿಂಕರಿಂಗ್ ಸುತ್ತಿಗೆ ಇಲ್ಲಿ ಕೆಲಸಕ್ಕೆ ಬಾರದು. ಸೀಳಿನ ಒಳಮಗ್ಗುಲನ್ನು ಎಮೆರಿಯಲ್ಲಿ ಉಜ್ಜಿ, ಗ್ಲಾಸ್ ಫೈಬರ್ ಮ್ಯಾಟ್ ಕತ್ತರಿಸಿ ಇಟ್ಟು, ರೆಸಿನ್‌ಗೆ ಹಾರ್ಡನರ್ ಬೆರೆಸಿ ಬ್ರಷ್‌ನಿಂದ ಗುಳ್ಳೆ ಉಳಿಯದಂತೆ ಒತ್ತಬೇಕು. ಒಣಗಿದ ಮೇಲೆ ಇನ್ನೊಂದು ಪದರ. ನೀರಿನ ಟ್ಯಾಂಕ್ ರಿಪೇರಿ ಮಾಡುವ ಜಾಣ ಹುಡುಗನಿಗೆ ಇದು ಕಷ್ಟವಲ್ಲ. ಕಷ್ಟ ಇರುವುದು ಬಿಡಿಭಾಗದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪದ್ಮಿನಿಯ ಪಾರ್ಟು ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ, ಡಾಲ್ಫಿನ್ ಎಂದರೆ ಮುಖ ನೋಡುತ್ತಾರೆ.

ಕಾನೂನೂ ಅದರ ಪರವಾಗಿಲ್ಲ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ಎನ್ನಿಸಿಕೊಳ್ಳಲು ಮೂಲರೂಪ ಉಳಿಸಿಕೊಂಡು 50 ವರ್ಷ ದಾಟಿರಬೇಕು. ಮೊದಲ ಡಾಲ್ಫಿನ್‌ಗೆ ಆ ಗೌರವ ಸಿಗುವುದು 2032ಕ್ಕೆ. ಅಲ್ಲಿಯವರೆಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. ಅದರ ಶುಲ್ಕ 2022ರಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಯಿತು. ಹಳೇ ಕಾರನ್ನು ಗುಜರಿಗೆ ಕಳಿಸಲು ಇಷ್ಟು ನೆಪ ಸಾಕು.

ಅರಕಲಗೂಡು, ಸಕಲೇಶಪುರದ ಕಡೆ ಮನೆಯ ಹಿಂದಿನ ಕೊಟ್ಟಿಗೆಯಲ್ಲೋ ಕಾಫಿ ಕಣದ ಶೆಡ್ಡಿನಲ್ಲೋ ಟಾರ್ಪಾಲು ಹೊದ್ದ ಇಂಥದ್ದೊಂದು ಕಾರು ಇದ್ದವರು ಗುಜರಿಯವರಿಗೆ ಫೋನ್ ಮಾಡುವ ಮೊದಲು ಒಮ್ಮೆ ಟಾರ್ಚ್ ಹಿಡಿದು ಅದರ ಅಡಿಗೆ ಬಗ್ಗಿ ನೋಡಿ. ಮೇಲಿನ ಮೈ ಫೈಬರ್ ಆದರೂ ಕೆಳಗಿನ ಚಾಸಿ ಉಕ್ಕಿನದು. ಅದು ತುಕ್ಕು ತಿಂದು ತೂತಾಗಿಲ್ಲ, ಬೀರುವಿನಲ್ಲಿ ಮೂಲ ಆರ್‌ಸಿ ಇದೆ ಎಂದಾದರೆ ದಯವಿಟ್ಟು ಮಾರಬೇಡಿ. ಮಾರಲೇಬೇಕಿದ್ದರೆ ತೂಕಕ್ಕೆ ಹಾಕದೆ, ಓಡಿಸುವ ಹುಚ್ಚಿರುವ ಯಾರಿಗಾದರೂ ಕೊಡಿ.