ಅಭ್ಯಾಸಕೃತಿ ಮತ್ತು ಸಹೃದಯ: ಡಿಜಿಟಲ್ ಸಂಸ್ಕೃತಿಯ ಕಲಿಕೆಯಲ್ಲಿ ಸೃಜನಕಾರ್ಯದ ಸ್ಥಾನ

ಚಿತ್ರ, ಸಂಗೀತ, ನಾಟಕಗಳ ಕಲಿಕೆಯಲ್ಲಿ ರಚನೆಯ ಅಭ್ಯಾಸಕ್ಕೆ ಮೊದಲಿನಿಂದಲೂ ಸ್ಥಾನವಿದೆ. ಸಂಸ್ಕೃತಿಯ ಅಧ್ಯಯನದಲ್ಲಿ ಮಾತ್ರ ವಿದ್ಯಾರ್ಥಿಯ ತಿಳಿವಳಿಕೆಗೆ ಸಾಕ್ಷ್ಯವಾಗಿ ಒಪ್ಪಿತವಾಗಿರುವುದು ಪ್ರಬಂಧವೊಂದೇ. ಈ ಶತಮಾನದ ಎರಡನೆಯ ದಶಕದಲ್ಲಿ ಅಂತರ್ಜಾಲದ ಮೂಲಕ ನಡೆದ ಕೆಲವು ಪಠ್ಯಕ್ರಮಗಳು ಈ ರೂಢಿಯನ್ನು ಬದಿಗಿರಿಸಿದವು. ಡಿಜಿಟಲ್ ಸಂಸ್ಕೃತಿಯನ್ನು ಕುರಿತು ಬರೆಯುವುದರ ಬದಲು ಆ ಸಂಸ್ಕೃತಿಯ ಸಾಧನಗಳಿಂದಲೇ ಒಂದು ಕೃತಿಯನ್ನು ರಚಿಸಿ ತೋರಿಸುವಂತೆ ಅವು ವಿದ್ಯಾರ್ಥಿಗಳನ್ನು ಕೇಳಿದವು. ಹೀಗೆ ಪಠ್ಯಕ್ರಮದ ಅಂಗವಾಗಿ ರಚಿತವಾಗುವ ದೃಶ್ಯ, ಶ್ರವ್ಯ ಅಥವಾ ಮಿಶ್ರಮಾಧ್ಯಮದ ಕೃತಿಯನ್ನು ಇಲ್ಲಿ ‘ಅಭ್ಯಾಸಕೃತಿ’ ಎಂದು ಕರೆಯಲಾಗಿದೆ. ಅಭ್ಯಾಸಕೃತಿಯನ್ನು ಓದುವವರು ಯಾರು, ಆ ಓದಿನ ಅರ್ಹತೆ ಎಲ್ಲಿಂದ ಬರುತ್ತದೆ ಎಂಬುದೇ ಈ ಪ್ರಯೋಗಗಳ ಮುಖ್ಯ ಪ್ರಶ್ನೆ.

ಇವುಗಳ ಹಿನ್ನೆಲೆಯಲ್ಲಿ 2008ರ ಒಂದು ಘಟನೆಯಿದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದ ಪಠ್ಯಕ್ರಮವೊಂದನ್ನು ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ಎಲ್ಲರಿಗೂ ತೆರೆದಿಟ್ಟರು. ಶುಲ್ಕ ತೆತ್ತು ಸೇರಿದವರು ಸುಮಾರು 25 ಮಂದಿ. ಹೊರಗಿನಿಂದ ಬಂದು ಸೇರಿಕೊಂಡವರು ಸುಮಾರು 2,200 ಮಂದಿ. ‘ಮೂಕ್’ ಎಂಬ ಹೆಸರು ಹುಟ್ಟಿದ್ದು ಈ ಸಂದರ್ಭದಲ್ಲಿಯೇ. ಕಲಿಯುವವರ ಪರಸ್ಪರ ಸಂಬಂಧವೇ ಕಲಿಕೆಯ ಆಧಾರ ಎಂಬ ನಂಬಿಕೆ ಈ ಪ್ರಯೋಗದ ಹಿಂದಿತ್ತು. ಅನಂತರ ಬಂದ ಎರಡು ಪಠ್ಯಕ್ರಮಗಳು ಈ ನಂಬಿಕೆಯನ್ನು ಸೃಜನಕಾರ್ಯಕ್ಕೆ ಅನ್ವಯಿಸಿದ ರೀತಿ ಬೇರೆಬೇರೆಯಾಗಿದೆ.

ಮೊದಲನೆಯದು ಅಮೆರಿಕದ ವರ್ಜೀನಿಯಾದಲ್ಲಿರುವ ಮೇರಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಡಿಜಿಟಲ್ ಕಥನದ ಪಠ್ಯಕ್ರಮ. ‘ಡಿಎಸ್106’ ಎಂದು ಹೆಸರಾದ ಇದನ್ನು ಜಿಮ್ ಗ್ರೂಮ್ 2011ರಲ್ಲಿ ಹೊರಗಿನವರಿಗೂ ತೆರೆದರು. ವಿದ್ಯಾರ್ಥಿಗಳು ತಮ್ಮದೇ ಜಾಲತಾಣವನ್ನು ಕಟ್ಟಿಕೊಂಡು ಅಲ್ಲಿ ಕೃತಿಗಳನ್ನು ಪ್ರಕಟಿಸಬೇಕಾಗಿತ್ತು. ಅಭ್ಯಾಸಗಳ ಭಂಡಾರಕ್ಕೆ ಹೊಸ ಅಭ್ಯಾಸಗಳನ್ನು ಸೇರಿಸುವ ಅವಕಾಶ ವಿದ್ಯಾರ್ಥಿಗಳಿಗೂ ಇತ್ತು. ದಿನಕ್ಕೊಂದು ಚಿಕ್ಕ ರಚನೆಯ ಕ್ರಮ 2012ರಲ್ಲಿ ಆರಂಭವಾಯಿತು. 2011ರ ಬೇಸಿಗೆಯ ತರಗತಿಯನ್ನು ಗ್ರೂಮ್ ‘ಡಾಕ್ಟರ್ ಒಬ್ಲಿವಿಯನ್’ ಎಂಬ ಪಾತ್ರದ ವೇಷದಲ್ಲಿ ನಡೆಸಿದರು. ಡೇವಿಡ್ ಕ್ರೋನೆನ್‌ಬರ್ಗ್ 1983ರಲ್ಲಿ ನಿರ್ದೇಶಿಸಿದ ‘ವಿಡಿಯೋಡ್ರೋಮ್’ ಚಲನಚಿತ್ರದಿಂದ ತೆಗೆದುಕೊಂಡ ಪಾತ್ರವದು. ಹೀಗೆ ಅಧ್ಯಾಪಕನ ಅಧಿಕಾರವೂ ಒಂದು ಪಾತ್ರವಾಗಿ, ಪಠ್ಯಕ್ರಮವೇ ಒಂದು ಕಥನವಾಗಿ ಮಾರ್ಪಟ್ಟಿತು.

ಎರಡನೆಯದು ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯವು ಕೋರ್ಸೆರಾ ವೇದಿಕೆಯಲ್ಲಿ 2013ರ ಜನವರಿಯಲ್ಲಿ ಆರಂಭಿಸಿದ, ‘ಇ-ಕಲಿಕೆ ಮತ್ತು ಡಿಜಿಟಲ್ ಸಂಸ್ಕೃತಿಗಳು’ ಎಂಬ ಐದು ವಾರಗಳ ಪಠ್ಯಕ್ರಮ. ಜೆರೆಮಿ ನಾಕ್ಸ್, ಷಾನ್ ಬೇನ್, ಹೇಮಿಷ್ ಮೆಕ್ಲಿಯೋಡ್, ಜೆನ್ ರಾಸ್, ಕ್ರಿಸ್ಟೀನ್ ಸಿಂಕ್ಲೇರ್ ಇದನ್ನು ರೂಪಿಸಿದರು. ಹೆಸರು ನೋಂದಾಯಿಸಿದವರು 40 ಸಾವಿರಕ್ಕೂ ಹೆಚ್ಚು; ಕೊನೆಯವರೆಗೆ ಉಳಿದವರು ಅದರ ಒಂದು ಸಣ್ಣ ಪಾಲು. ಉಪನ್ಯಾಸಗಳ ಚಿತ್ರಮುದ್ರಿಕೆಗಳಿಗೆ ಬದಲಾಗಿ ಕಿರುಚಿತ್ರಗಳನ್ನೂ ಓದಿಗೆ ಲೇಖನಗಳನ್ನೂ ಕೊಡಲಾಗಿತ್ತು. ತಂತ್ರಜ್ಞಾನವನ್ನು ಕುರಿತ ಆಶಾವಾದ ಮತ್ತು ಭೀತಿ ಹಾಗೂ ‘ಮಾನವ’ ಎಂಬ ಕಲ್ಪನೆಯ ಮರುವಿಮರ್ಶೆ ಇದರ ಎರಡು ವಸ್ತುಗಳು. ಕೊನೆಯಲ್ಲಿ ಪ್ರತಿಯೊಬ್ಬರೂ ಒಂದು ಡಿಜಿಟಲ್ ಕೃತಿಯನ್ನು ರಚಿಸಬೇಕು. ನಿಗದಿತ ಮಾನದಂಡಗಳನ್ನು ಅನುಸರಿಸಿ ಸಹಪಾಠಿಗಳೇ ಅದರ ಬೆಲೆಗಟ್ಟಬೇಕು.

ಈ ಕೊನೆಯ ಅಂಶವನ್ನು ಭಾರತೀಯ ಕಾವ್ಯಮೀಮಾಂಸೆಯ ಬೆಳಕಿನಲ್ಲಿ ನೋಡುವುದು ಉಪಯುಕ್ತ. ಕವಿಯ ಪ್ರತಿಭೆ ಸಾರ್ಥಕವಾಗುವುದು ಸಹೃದಯನಲ್ಲಿ ಎಂಬುದು ಆ ಪರಂಪರೆಯ ನಿಲುವು. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ (1953) ಮೂಲಕ ಈ ವಿಚಾರ ಕನ್ನಡ ವಿಮರ್ಶೆಯ ಪರಿಭಾಷೆಯಲ್ಲಿ ನೆಲೆಗೊಂಡಿದೆ. ಆದರೆ ಸಹೃದಯತ್ವವು ಓದುಗನಿಗೆ ತಾನಾಗಿ ಬರುವ ಪದವಿಯಲ್ಲ. ಕಾವ್ಯದ ನಿರಂತರ ಅನುಶೀಲನದಿಂದ ಯಾರ ಮನಸ್ಸು ಕನ್ನಡಿಯಂತೆ ನಿರ್ಮಲವಾಗಿದೆಯೋ ಅವನು ಸಹೃದಯ ಎಂಬುದು ಅಭಿನವಗುಪ್ತನ ವಿವರಣೆ. ಎಂದರೆ ಸಹೃದಯತ್ವಕ್ಕೆ ಕಾಲ ಬೇಕು, ಅಭ್ಯಾಸ ಬೇಕು.

ಎಡಿನ್‌ಬರೋ ಪ್ರಯೋಗದ ಶಕ್ತಿ ಮತ್ತು ಮಿತಿ ಎರಡೂ ಇಲ್ಲಿಯೇ ಗೋಚರಿಸುತ್ತವೆ. ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಅದು ಏಕಕಾಲದಲ್ಲಿ ಕರ್ತೃವೂ ಓದುಗನೂ ಆಗಿಸಿತು. ದೃಶ್ಯಕೃತಿಯೂ ವಿಚಾರವನ್ನು ಮಂಡಿಸಬಲ್ಲದು ಎಂಬುದನ್ನು ಸಾವಿರಾರು ಮಂದಿಯ ಮುಂದೆ ಪರೀಕ್ಷೆಗೆ ಒಡ್ಡಿತು. ಆದರೆ ಐದು ವಾರಗಳ ಅವಧಿ ಅನುಶೀಲನಕ್ಕೆ ಸಾಲದು. ಮಾನದಂಡಗಳ ಪಟ್ಟಿ ಹೊಸ ಓದುಗನಿಗೆ ಊರುಗೋಲಾಗುವುದು ನಿಜ. ಪಟ್ಟಿಯಲ್ಲಿಲ್ಲದ ಗುಣವೊಂದು ಕೃತಿಯಲ್ಲಿ ಕಂಡಾಗ ಆ ಊರುಗೋಲು ನೆರವಿಗೆ ಬಾರದು. ಡಿಎಸ್106ರಲ್ಲಿ ದೈನಂದಿನ ರಚನೆ ಮತ್ತು ಪರಸ್ಪರ ಪ್ರತಿಕ್ರಿಯೆಗಳಿಂದ ಅನುಶೀಲನಕ್ಕೆ ಅವಕಾಶ ದೊರೆಯಿತು. ಆದರೆ ಹೊರಗಿನವರಿಗೆ ಅಲ್ಲಿ ಅಂಕವೂ ಇರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆ ಅಂಕ ಕೊಟ್ಟವನು ಅಧ್ಯಾಪಕನೇ. ಸಮುದಾಯದ ಓದಿಗೂ ಸಂಸ್ಥೆಯ ತೀರ್ಪಿಗೂ ಸೇತುವೆಯನ್ನು ಕಟ್ಟುವ ಕೆಲಸ ಅಲ್ಲಿಯೂ ಪೂರ್ಣವಾಗಲಿಲ್ಲ.

ಈ ಚರ್ಚೆ ದೂರದೇಶಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಭಾರತದಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟಿಇಎಲ್ ಯೋಜನೆ 2003ರಲ್ಲಿಯೂ ‘ಸ್ವಯಂ’ ವೇದಿಕೆ 2017ರಲ್ಲಿಯೂ ಆರಂಭವಾದವು. ‘ಸ್ವಯಂ’ ಮೂಲಕ ಗಳಿಸಬಹುದಾದ ಕ್ರೆಡಿಟ್‌ಗಳ ಮಿತಿಯನ್ನು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2016ರಲ್ಲಿ ಶೇ. 20 ಎಂದು ನಿಗದಿಪಡಿಸಿ, 2021ರಲ್ಲಿ ಶೇ. 40ಕ್ಕೆ ಏರಿಸಿತು. ಎನ್‌ಪಿಟಿಇಎಲ್ ಪಠ್ಯಕ್ರಮಗಳಲ್ಲಿ ಫಲಿತಾಂಶವನ್ನು ನಿರ್ಧರಿಸುವುದು ವಾರವಾರದ ಅಭ್ಯಾಸಗಳು ಮತ್ತು ಕೇಂದ್ರಗಳಲ್ಲಿ ನಡೆಯುವ ಅಂತಿಮ ಪರೀಕ್ಷೆ. ತಾಂತ್ರಿಕ ವಿಷಯಗಳಿಗೆ ಈ ಕ್ರಮ ಹೊಂದಬಹುದು. ಸಾಹಿತ್ಯ, ಜಾನಪದ, ಮಾಧ್ಯಮಗಳ ಅಧ್ಯಯನಕ್ಕೂ ಇದೇ ಅಚ್ಚು ವಿಸ್ತರಿಸಿದರೆ ಅರ್ಥೈಸುವ ಕೆಲಸವೇ ಪಠ್ಯಕ್ರಮದ ಹೊರಗುಳಿಯುವ ಅಪಾಯವಿದೆ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ಮೇಲೆ ಈ ಪ್ರಶ್ನೆ ಇನ್ನಷ್ಟು ತೀವ್ರವಾಗಿದೆ. ಬರೆಹವನ್ನೂ ಚಿತ್ರವನ್ನೂ ಯಂತ್ರ ಕ್ಷಣದಲ್ಲಿ ಒದಗಿಸುವಾಗ ಸಿದ್ಧಕೃತಿಯು ವಿದ್ಯಾರ್ಥಿಯ ಶ್ರಮಕ್ಕೆ ಸಾಕ್ಷ್ಯವಾಗಿ ಉಳಿಯುವುದಿಲ್ಲ. ಅದರ ಮೇಲಿನ ಟಿಪ್ಪಣಿಯೂ ಯಂತ್ರದ್ದೇ ಆಗಿರಬಹುದು. ಆದಕಾರಣ ಅಭ್ಯಾಸಕೃತಿಯೊಡನೆ ಅದರ ರಚನೆಯ ಹಂತಗಳನ್ನೂ, ಇತರರ ಕೃತಿಗಳಿಗೆ ವಿದ್ಯಾರ್ಥಿ ಅವಧಿಯುದ್ದಕ್ಕೂ ನೀಡಿದ ಪ್ರತಿಕ್ರಿಯೆಗಳನ್ನೂ, ಎದುರುಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಮೌಲ್ಯಮಾಪನಕ್ಕೆ ಒಳಪಡಿಸುವುದು ಅಗತ್ಯ. ಒಂದು ದಿನದ ಟಿಪ್ಪಣಿಯನ್ನು ಯಂತ್ರದಿಂದ ಪಡೆಯುವುದು ಸುಲಭ. ಒಂದೇ ಬಳಗದೊಡನೆ ತಿಂಗಳುಗಟ್ಟಲೆ ನಡೆದ ವಾಗ್ವಾದದ ಹೊಣೆ ಹೊರುವುದು ಹಾಗಲ್ಲ.

ಒಟ್ಟಿನಲ್ಲಿ, ಎಡಿನ್‌ಬರೋ ಪಠ್ಯಕ್ರಮ ಸೃಜನಕಾರ್ಯಕ್ಕೆ ವೈಚಾರಿಕ ಗಾಂಭೀರ್ಯವನ್ನು ತಂದುಕೊಟ್ಟಿತು. ಡಿಎಸ್106 ಅದಕ್ಕೆ ಸಾತತ್ಯವನ್ನು ಒದಗಿಸಿತು. ಕೃತಿರಚನೆಯಷ್ಟೇ ಓದನ್ನೂ ಕಲಿಸಬೇಕಾದ ವಿದ್ಯೆಯೆಂದು ಪರಿಗಣಿಸಿ ಅದಕ್ಕೆ ಕಾಲವನ್ನೂ ಕ್ರೆಡಿಟ್ ಅನ್ನೂ ಮೀಸಲಿಡುವ ಪಠ್ಯಕ್ರಮದಲ್ಲಿ ಮಾತ್ರ ಈ ಎರಡು ಗುಣಗಳು ಕೂಡಿಬರಲು ಸಾಧ್ಯ.