ಬೀಗದ ಕೈ ಯಾರ ಹತ್ರ?

ಚಿತ್ತವಾಡ್ಗಿಯ ಮನೆ ಅಟ್ಟದಲ್ಲಿ ಹಳೇ ಗೇಮ್ ಸೀಡಿ ಸಿಕ್ತು. ಹಳೇ ಕಂಪ್ಯೂಟರಿಗೆ ಹಾಕಿದೆ, ಓಡ್ತು! ಸೀಡಿ ಒಳಗಿಲ್ಲದಿದ್ರೆ ಆಟ ಶುರುವಾಗಲ್ಲ. ಅದೂ ನಕಲು ತಡೆಯುವ ಬೀಗವೇ. ಆದರೆ ಬೀಗದ ಕೈ ನನ್ನ ಹತ್ರವೇ ಇತ್ತು, ತಮ್ಮನಿಗೆ ಕೊಡಬಹುದಿತ್ತು.

2014ರಲ್ಲಿ ಬಂದ ಯೂಬಿಸಾಫ್ಟ್‌ನ 'ದಿ ಕ್ರೂ' ನೋಡಿ. ಒಬ್ಬರೇ ಆಡಿದರೂ ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಡಿಸ್ಕ್ ಕೊಂಡವರಿಗೂ ಉಳಿದದ್ದು ಬರೀ ಪ್ಲಾಸ್ಟಿಕ್.

ಕ್ಯಾಲಿಫೋರ್ನಿಯಾದಲ್ಲಿ 2025ರಿಂದ, ಡಿಜಿಟಲ್ ಆಟ ಮಾರುವಾಗ 'ಇದು ಲೈಸೆನ್ಸ್ ಮಾತ್ರ' ಅಂತ ಹೇಳಬೇಕು. ಒಳ್ಳೇದೇ. ಆದರೆ ಬಾಡಿಗೆ ಅಂತ ಬೋರ್ಡ್ ಹಾಕಿದ್ರೆ ಮನೆ ನಮ್ಮದಾಗುತ್ತಾ?

ಕಳ್ಳತನಕ್ಕೆ ಬೀಗ ಇರಲಿ, ಒಪ್ತೀನಿ. ಅಂಗಡಿ ಮುಚ್ಚುವ ದಿನ ಕೀಲಿಯನ್ನ ಕೊಂಡವರ ಕೈಗೆ ಕೊಟ್ಟುಹೋಗಲಿ.